ಊರು ಬದಲಾದರೆ ಸಂಬಳವೂ ಬದಲಾಗಬೇಕೆ?

ಸಾಫ್ಟ್‌ವೇರ್ ಎಂಜಿನಿಯರೊಬ್ಬರು ಬೆಂಗಳೂರಿನ ವೈಟ್‌ಫೀಲ್ಡ್‌ನ ಕಚೇರಿಯಲ್ಲಿ ಕುಳಿತು ಬರೆದ ಪ್ರೋಗ್ರಾಮಿಗೂ, ಅವರೇ ಶಿರಸಿಯ ತಮ್ಮ ಮನೆಯಲ್ಲಿ ಕುಳಿತು ಬರೆದ ಪ್ರೋಗ್ರಾಮಿಗೂ ಗ್ರಾಹಕನ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದು. ಗ್ರಾಹಕ ತೆರುವ ಹಣವೂ ಒಂದೇ. ಹಾಗಿದ್ದ ಮೇಲೆ ಎಂಜಿನಿಯರ್ ಕೈಗೆ ಬರುವ ಸಂಬಳ ಊರಿಂದ ಊರಿಗೆ ಬದಲಾಗಬೇಕೆ? ಕೋವಿಡ್ ಪಿಡುಗು ಜಗತ್ತಿನ ಐಟಿ ಉದ್ಯಮದ ಮುಂದಿಟ್ಟ ಈ ಪ್ರಶ್ನೆಗೆ ಇಷ್ಟು ವರ್ಷ ಕಳೆದರೂ ಒಮ್ಮತದ ಉತ್ತರ ದೊರೆತಿಲ್ಲ.

ದೊರೆತಿರುವ ಉತ್ತರಗಳಾದರೋ ಒಂದಕ್ಕೊಂದು ತದ್ವಿರುದ್ಧ. ಅಮೆರಿಕದ ಕೆಲವು ದೈತ್ಯ ಕಂಪನಿಗಳು ದುಬಾರಿ ನಗರವನ್ನು ಬಿಟ್ಟು ಹೋಗುವ ಎಂಜಿನಿಯರ್‌ಗಳ ಸಂಬಳಕ್ಕೆ ಕತ್ತರಿ ಹಾಕಿದವು. ಇತ್ತ 2024ರಲ್ಲಿ ಇನ್ಫೋಸಿಸ್ ಸಂಸ್ಥೆ ತನ್ನ ಹುಬ್ಬಳ್ಳಿ ಕೇಂದ್ರಕ್ಕೆ ವರ್ಗವಾಗಲು ಒಪ್ಪುವ ನೌಕರರಿಗೆ ಹುದ್ದೆಯ ಮಟ್ಟಕ್ಕೆ ತಕ್ಕಂತೆ 1.25 ಲಕ್ಷದಿಂದ 8 ಲಕ್ಷ ರೂಪಾಯಿವರೆಗೆ ಪ್ರೋತ್ಸಾಹಧನ ಪ್ರಕಟಿಸಿತು. ಅಲ್ಲಿ ಅಗ್ಗದ ಊರಿಗೆ ಹೋದವರಿಗೆ ದಂಡ, ಇಲ್ಲಿ ಅಗ್ಗದ ಊರಿಗೆ ಹೋದವರಿಗೆ ಬಹುಮಾನ. ಮೇಲ್ನೋಟಕ್ಕೆ ವಿಚಿತ್ರವೆನಿಸುವ ಈ ವೈರುಧ್ಯದ ಹಿಂದೆ ಕೆಲಸ ಮಾಡುತ್ತಿರುವುದು ಒಂದೇ ತರ್ಕ. ಅದನ್ನು ಅರಿಯದೆ ಹೋದರೆ ಊರಿಗೆ ಮರಳುವ ಕನಸು ಕಾಣುವ ಎಂಜಿನಿಯರ್‌ಗೂ ನಷ್ಟ, ಬೆಂಗಳೂರಿನಾಚೆಗೆ ಐಟಿ ಉದ್ಯಮವನ್ನು ಒಯ್ಯಲು ಹೊರಟಿರುವ ರಾಜ್ಯ ಸರ್ಕಾರಕ್ಕೂ ನಷ್ಟ.

ಸಿಲಿಕಾನ್ ಕಣಿವೆಯ ಕತ್ತರಿ

ಚರ್ಚೆಗೆ ಮೊದಲು ಕಿಡಿ ಹೊತ್ತಿಸಿದ್ದು ಫೇಸ್‌ಬುಕ್. ಮುಂದಿನ ಐದರಿಂದ ಹತ್ತು ವರ್ಷಗಳಲ್ಲಿ ಕಂಪನಿಯ ಅರ್ಧದಷ್ಟು ನೌಕರರು ಕಚೇರಿಯ ಹೊರಗಿನಿಂದಲೇ ಕೆಲಸ ಮಾಡಬಹುದು ಎಂದು 2020ರ ಮೇ ತಿಂಗಳಲ್ಲಿ ಮಾರ್ಕ್ ಜುಕರ್‌ಬರ್ಗ್ ಘೋಷಿಸಿದಾಗ ಎಲ್ಲೆಡೆ ಹರ್ಷ ವ್ಯಕ್ತವಾಯಿತು. ಆದರೆ ಅದೇ ಘೋಷಣೆಯಲ್ಲಿ ಇನ್ನೊಂದು ಮಾತೂ ಇತ್ತು. 2021ರ ಜನವರಿ 1ರೊಳಗೆ ನೌಕರರು ತಾವು ವಾಸವಿರುವ ಸ್ಥಳವನ್ನು ತಿಳಿಸಬೇಕು, ಅದಕ್ಕೆ ಅನುಗುಣವಾಗಿ ಸಂಬಳ ಹೊಂದಿಸಲಾಗುವುದು ಎಂಬುದೇ ಆ ಮಾತು. ಸುಳ್ಳು ವಿಳಾಸ ಕೊಟ್ಟವರ ಮೇಲೆ ಕ್ರಮ ಜರುಗಿಸುವ ಎಚ್ಚರಿಕೆಯೂ ಜೊತೆಗಿತ್ತು.

ಉಳಿದವರೂ ಅದೇ ಹಾದಿ ಹಿಡಿದರು. ವಿಎಂವೇರ್ ಕಂಪನಿಯಲ್ಲಿ ಸಿಲಿಕಾನ್ ಕಣಿವೆಯಿಂದ ಡೆನ್ವರ್ ನಗರಕ್ಕೆ ಹೋಗುವವರ ಸಂಬಳ ಶೇ 18ರಷ್ಟು, ಲಾಸ್ ಏಂಜಲೀಸ್ ಅಥವಾ ಸ್ಯಾನ್ ಡಿಯಾಗೋಗೆ ಹೋಗುವವರ ಸಂಬಳ ಶೇ 8ರಷ್ಟು ಕಡಿತವಾಗುತ್ತದೆ ಎಂಬ ಸಂಗತಿ 2020ರ ಸೆಪ್ಟೆಂಬರ್‌ನಲ್ಲಿ ವರದಿಯಾಯಿತು. ಸ್ಟ್ರೈಪ್ ಕಂಪನಿಯದು ಇನ್ನೊಂದು ಬಗೆ. ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಯಾರ್ಕ್, ಸಿಯಾಟಲ್ ಬಿಟ್ಟು ಹೋಗುವವರಿಗೆ ಒಂದು ಕೈಯಿಂದ 20,000 ಡಾಲರ್ ಇಡಿಗಂಟು ನೀಡಿ, ಇನ್ನೊಂದು ಕೈಯಿಂದ ಸಂಬಳದಲ್ಲಿ ಶೇ 10ರವರೆಗೆ ಕಳೆಯುವ ಯೋಜನೆ ಅದು. ಗೂಗಲ್ 2021ರಲ್ಲಿ ತನ್ನ ನೌಕರರಿಗಾಗಿ ಒಂದು ಲೆಕ್ಕಾಚಾರದ ಸಾಧನವನ್ನೇ ರೂಪಿಸಿತು. ಊರಿನ ಹೆಸರು ಕೊಟ್ಟರೆ ಸಂಬಳ ಎಷ್ಟು ಇಳಿಯುತ್ತದೆ ಎಂಬುದನ್ನು ಅದು ತೋರಿಸುತ್ತಿತ್ತು.

ಎಲ್ಲರೂ ಹೀಗೆ ನಡೆದುಕೊಳ್ಳಲಿಲ್ಲ ಎಂಬುದೂ ಗಮನಾರ್ಹ. ರೆಡಿಟ್ ಕಂಪನಿ 2020ರ ಅಕ್ಟೋಬರ್‌ನಲ್ಲಿ ಅಮೆರಿಕದೊಳಗಿನ ಪ್ರಾದೇಶಿಕ ಸಂಬಳ ವಲಯಗಳನ್ನೇ ರದ್ದು ಮಾಡಿತು. ಏರ್‌ಬಿಎನ್‌ಬಿ 2022ರ ಏಪ್ರಿಲ್‌ನಲ್ಲಿ ಒಂದು ದೇಶಕ್ಕೆ ಒಂದೇ ಸಂಬಳ ಶ್ರೇಣಿ ಎಂಬ ನೀತಿ ಪ್ರಕಟಿಸಿತು. ಕಚೇರಿಯೇ ಇಲ್ಲದೆ ಬೆಳೆದ ಗಿಟ್‌ಲ್ಯಾಬ್ ಮಾತ್ರ ಪ್ರತಿಯೊಂದು ಪ್ರದೇಶಕ್ಕೂ ಒಂದು ಗುಣಕವನ್ನು ನಿಗದಿಪಡಿಸಿ, ಅಲ್ಲಿನ ಮಾರುಕಟ್ಟೆ ದರದಂತೆ ಸಂಬಳ ಕೊಡುವುದಾಗಿ ಬಹಿರಂಗವಾಗಿಯೇ ಸಾರಿತು. ಎಲ್ಲಿದ್ದರೂ ಸ್ಯಾನ್ ಫ್ರಾನ್ಸಿಸ್ಕೊ ದರದ ಸಂಬಳ ಎನ್ನುವ 37ಸಿಗ್ನಲ್ಸ್‌ನಂತಹ ಸಣ್ಣ ಕಂಪನಿಗಳು ಬೆರಳೆಣಿಕೆಯಷ್ಟು. ಉದಾರಿ ಎನಿಸಿಕೊಂಡ ದೊಡ್ಡ ಕಂಪನಿಗಳ ಔದಾರ್ಯವೂ ದೇಶದ ಗಡಿಯೊಳಗೇ ನಿಂತಿತು. ಕ್ಯಾಲಿಫೋರ್ನಿಯಾದ ಎಂಜಿನಿಯರ್ ಟೆಕ್ಸಾಸ್‌ಗೆ ಹೋದರೆ ಸಂಬಳ ಇಳಿಯದಿರಬಹುದು, ಬೆಂಗಳೂರಿಗೆ ಬಂದರೆ ಇಳಿಯದಿರುವುದಿಲ್ಲ.

ಜೀವನವೆಚ್ಚ ಎಂಬ ನೆಪ

ಸಂಬಳ ಕಡಿತಕ್ಕೆ ಸಾಮಾನ್ಯವಾಗಿ ಮುಂದಿಡುವ ಕಾರಣ ಜೀವನವೆಚ್ಚ. ಬಾಡಿಗೆ ಕಡಿಮೆ, ತರಕಾರಿ ಅಗ್ಗ, ಓಡಾಟದ ಖರ್ಚಿಲ್ಲ, ಹಾಗಾಗಿ ಸಂಬಳವೂ ಕಡಿಮೆ ಸಾಕು ಎಂಬ ವಾದ ಕೇಳಲು ನ್ಯಾಯಯುತವಾಗಿಯೇ ಇದೆ. ಆದರೆ ಕಂಪನಿಗಳ ನಡವಳಿಕೆಯನ್ನು ಸೂಕ್ಷ್ಮವಾಗಿ ನೋಡಿದರೆ ಈ ವಾದ ಅರ್ಧ ಸತ್ಯವೆಂಬುದು ತಿಳಿಯುತ್ತದೆ.

ಗೂಗಲ್ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ನ್ಯೂಯಾರ್ಕ್‌ನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಸ್ಟ್ಯಾಮ್‌ಫರ್ಡ್ ಪಟ್ಟಣದಲ್ಲಿ ವಾಸಿಸುವ ನೌಕರರು ಸಂಪೂರ್ಣವಾಗಿ ಮನೆಯಿಂದಲೇ ಕೆಲಸ ಮಾಡಲು ಬಯಸಿದರೆ ಸಂಬಳ ಶೇ 15ರಷ್ಟು ಇಳಿಯುತ್ತದೆ ಎಂದು 2021ರ ಆಗಸ್ಟ್‌ನಲ್ಲಿ ರಾಯಿಟರ್ಸ್ ವರದಿ ಮಾಡಿತ್ತು. ನ್ಯೂಯಾರ್ಕ್ ನಗರದೊಳಗೇ ವಾಸಿಸುತ್ತ ಮನೆಯಿಂದ ಕೆಲಸ ಮಾಡುವ ಸಹೋದ್ಯೋಗಿಗೆ ಕಡಿತವಿಲ್ಲ. ಸ್ಟ್ಯಾಮ್‌ಫರ್ಡ್‌ನಲ್ಲೇ ಮನೆ ಮಾಡಿಕೊಂಡು ದಿನವೂ ರೈಲು ಹತ್ತಿ ನ್ಯೂಯಾರ್ಕ್ ಕಚೇರಿಗೆ ಹೋಗುವವರಿಗೆ ನ್ಯೂಯಾರ್ಕ್ ಸಂಬಳವೇ. ಇಬ್ಬರ ಮನೆಯೂ ಒಂದೇ ಬೀದಿಯಲ್ಲಿರಬಹುದು, ಇಬ್ಬರ ದಿನಸಿ ಖರ್ಚೂ ಒಂದೇ ಇರಬಹುದು. ಆದರೂ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಜೀವನವೆಚ್ಚವೇ ಮಾನದಂಡವಾಗಿದ್ದರೆ ಹೀಗಾಗುತ್ತಿರಲಿಲ್ಲ.

ನಿಜವಾದ ಮಾನದಂಡ ಬೇರೆ. ಎಂಜಿನಿಯರ್ ಬದುಕಲು ಎಷ್ಟು ಹಣ ಬೇಕು ಎಂಬುದನ್ನು ನೋಡಿ ಯಾವ ಕಂಪನಿಯೂ ಸಂಬಳ ನಿಗದಿಪಡಿಸುವುದಿಲ್ಲ. ಈ ಎಂಜಿನಿಯರ್ ಕೆಲಸ ಬಿಟ್ಟರೆ ಬೇರೆಲ್ಲಿ, ಎಷ್ಟಕ್ಕೆ ಕೆಲಸ ಸಿಕ್ಕೀತು ಎಂಬುದೇ ಅದರ ಲೆಕ್ಕ. ನ್ಯೂಯಾರ್ಕ್ ಕಚೇರಿಗೆ ಹೋಗಿಬರಬಲ್ಲವರನ್ನು ಎದುರುಗಡೆಯ ಕಟ್ಟಡದಲ್ಲಿರುವ ಪೈಪೋಟಿಯ ಕಂಪನಿ ನಾಳೆಯೇ ಸೆಳೆದುಕೊಳ್ಳಬಹುದು. ಪಟ್ಟಣದ ಮನೆಯನ್ನು ಬಿಟ್ಟು ಕದಲಲಾರದವರಿಗೆ ಅಷ್ಟು ಆಯ್ಕೆಗಳಿಲ್ಲ. ಆಯ್ಕೆ ಕಡಿಮೆಯಾದಷ್ಟೂ ಚೌಕಾಶಿಯ ಬಲ ಕಡಿಮೆ, ಬಲ ಕಡಿಮೆಯಾದಷ್ಟೂ ಸಂಬಳ ಕಡಿಮೆ. ಊರು ಇಲ್ಲಿ ಆಯ್ಕೆಗಳ ಸಂಖ್ಯೆಯನ್ನು ಸೂಚಿಸುವ ಅಳತೆಗೋಲು ಮಾತ್ರ.

ಹುಬ್ಬಳ್ಳಿಯ ಪ್ರೋತ್ಸಾಹಧನಕ್ಕೂ ಇದೇ ತರ್ಕ ಅನ್ವಯಿಸುತ್ತದೆ. ಬೆಂಗಳೂರು ಬಿಟ್ಟರೆ ಪಕ್ಕದ ಕಂಪನಿಗೆ ಹಾರುವ ಅವಕಾಶವನ್ನೂ ಬಿಟ್ಟಂತೆ ಎಂಬುದು ನೌಕರರಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ಕರೆದ ಕೂಡಲೇ ಅವರು ಹೊರಡುವುದಿಲ್ಲ. ಹೊಸ ಕೇಂದ್ರಕ್ಕೆ ಅನುಭವಿಗಳು ಬೇಕು, ಅವರನ್ನು ಕರೆತರಲು ಹಣ ಬೇಕು. ಕೆಳಗಿನ ಹಂತದ ನೌಕರರಿಗೆ ವರ್ಗವಾದಾಗ 25,000 ರೂಪಾಯಿ, ಬಳಿಕ ಎರಡು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ 25,000 ರೂಪಾಯಿ ಎಂಬ ಕಂತುಗಳನ್ನು ನೋಡಿದರೆ ಇದು ಅವಕಾಶಗಳ ನಷ್ಟಕ್ಕೆ ಕಟ್ಟಿದ ತಾತ್ಕಾಲಿಕ ಪರಿಹಾರ ಎಂಬುದು ಸ್ಪಷ್ಟ. ಎರಡು ವರ್ಷಗಳಿಗೆ ಅದು ಮುಗಿಯುತ್ತದೆ. ಆಮೇಲೆ ಸಂಬಳ ಯಾವ ವೇಗದಲ್ಲಿ ಬೆಳೆಯುತ್ತದೆ ಎಂಬುದನ್ನು ಹುಬ್ಬಳ್ಳಿಯಲ್ಲಿ ಇನ್ನೆಷ್ಟು ಕಂಪನಿಗಳು ಬಾಗಿಲು ತೆರೆಯುತ್ತವೆ ಎಂಬುದು ನಿರ್ಧರಿಸುತ್ತದೆ.

ಅನುಕೂಲಕ್ಕೂ ಒಂದು ಬೆಲೆ

ಮನೆಯಿಂದ ಕೆಲಸ ಮಾಡುವ ಅನುಕೂಲವೇ ಒಂದು ಬಗೆಯ ಸಂಬಳ ಎಂಬ ಮಾತನ್ನೂ ತಳ್ಳಿಹಾಕುವಂತಿಲ್ಲ. ಅರ್ಥಶಾಸ್ತ್ರಜ್ಞರಾದ ಅಲೆಕ್ಸಾಂಡರ್ ಮಾಸ್ ಮತ್ತು ಅಮಾಂಡಾ ಪಲೈಸ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದ ಉದ್ಯೋಗಾಕಾಂಕ್ಷಿಗಳು ಮನೆಯಿಂದ ಕೆಲಸ ಮಾಡುವ ಅವಕಾಶಕ್ಕಾಗಿ ಸರಾಸರಿ ಶೇ 8ರಷ್ಟು ಸಂಬಳ ಬಿಟ್ಟುಕೊಡಲು ಸಿದ್ಧರಿದ್ದರು. ಸ್ಟ್ಯಾನ್‌ಫರ್ಡ್‌ನ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 2022ರಲ್ಲಿ ಅಮೆರಿಕದ ಕಂಪನಿಗಳನ್ನು ಸಮೀಕ್ಷೆಗೆ ಒಳಪಡಿಸಿದಾಗ, ದೂರದಿಂದ ಕೆಲಸದ ಸೌಲಭ್ಯದಿಂದಾಗಿ ಎರಡು ವರ್ಷಗಳಲ್ಲಿ ಸಂಬಳ ಏರಿಕೆಯ ಒತ್ತಡ ಸುಮಾರು ಎರಡು ಶೇಕಡಾ ಅಂಶಗಳಷ್ಟು ತಗ್ಗಲಿದೆ ಎಂಬ ಅಂದಾಜು ಹೊರಬಿತ್ತು. ಕಂಪನಿ ನೇರವಾಗಿ ಸಂಬಳ ಕಡಿಯದಿದ್ದರೂ ಏರಿಕೆ ನಿಧಾನವಾಗುವ ಮೂಲಕ ಆ ಅನುಕೂಲದ ಬೆಲೆ ವಸೂಲಾಗುತ್ತದೆ ಎಂದಾಯಿತು.

ಈ ವ್ಯವಹಾರದಲ್ಲಿ ಕಂಪನಿಗೂ ಲಾಭವಿದೆ. ಚೀನಾದ ಟ್ರಿಪ್.ಕಾಮ್ ಕಂಪನಿಯಲ್ಲಿ ಬ್ಲೂಮ್ ತಂಡ ಸುಮಾರು 1,600 ನೌಕರರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದವರಲ್ಲಿ ರಾಜೀನಾಮೆ ಪ್ರಮಾಣ ಮೂರನೇ ಒಂದರಷ್ಟು ತಗ್ಗಿತು. ಕೆಲಸದ ಗುಣಮಟ್ಟವಾಗಲಿ, ಬಡ್ತಿಯಾಗಲಿ ಕುಗ್ಗಲಿಲ್ಲ. ಹೊಸಬರನ್ನು ಹುಡುಕಿ, ತರಬೇತಿ ಕೊಡುವ ಖರ್ಚು ಉಳಿಯಿತು. ಹಾಗಿದ್ದೂ ಉಳಿತಾಯದ ಪಾಲು ನೌಕರರ ಕೈ ಸೇರಬೇಕೆಂಬ ಮಾತು ಸಂಬಳದ ಚರ್ಚೆಯಲ್ಲಿ ಅಪರೂಪಕ್ಕೂ ಕೇಳಿಬರುವುದಿಲ್ಲ.

ಕೆಳಗಿನ ಮೆಟ್ಟಿಲು, ಮೇಲಿನ ಮೆಟ್ಟಿಲು

ಭಾರತದ ಐಟಿ ಸೇವಾ ಕಂಪನಿಗಳಲ್ಲಿ ಚಿತ್ರ ಸ್ವಲ್ಪ ಬೇರೆ. ಕಾಲೇಜಿನಿಂದ ನೇರವಾಗಿ ಆಯ್ಕೆಯಾಗುವ ಹೊಸಬರಿಗೆ ದೊಡ್ಡ ಕಂಪನಿಗಳು ಕೊಡುವ ಆರಂಭಿಕ ಸಂಬಳ ಬಹುತೇಕ ದೇಶವ್ಯಾಪಿ ಒಂದೇ. ವರ್ಷಕ್ಕೆ ಸುಮಾರು 3ರಿಂದ 4 ಲಕ್ಷ ರೂಪಾಯಿಗಳ ಈ ಮೊತ್ತ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಹೆಚ್ಚೇನೂ ಕದಲಿಲ್ಲ. ಈ ಹಂತದಲ್ಲಿ ಊರಿನ ವ್ಯತ್ಯಾಸ ಸಂಬಳದ ಚೀಟಿಯಲ್ಲಿ ಕಾಣದೆ ಜೇಬಿನಲ್ಲಿ ಕಾಣುತ್ತದೆ. ಮೈಸೂರಿನಲ್ಲಿ ತಂದೆತಾಯಿಯ ಮನೆಯಲ್ಲಿದ್ದುಕೊಂಡು ದುಡಿಯುವ ಹೊಸಬರಿಗೆ ತಿಂಗಳ ಕೊನೆಯಲ್ಲಿ ಒಂದಿಷ್ಟು ಉಳಿಯುತ್ತದೆ. ಬೆಂಗಳೂರಿನ ಪಿಜಿಯಲ್ಲಿ ಹಾಸಿಗೆಯೊಂದಕ್ಕೆ ಬಾಡಿಗೆ ಕಟ್ಟುವವರಿಗೆ ಉಳಿಯುವುದು ಅಷ್ಟಕ್ಕಷ್ಟೆ. ಲಾಕ್‌ಡೌನ್ ಕಾಲದಲ್ಲಿ ಊರಿಗೆ ಮರಳಿದ ಹೊಸಬರ ಪಾಲಿಗೆ ಅದು ಘೋಷಣೆಯಿಲ್ಲದ ಸಂಬಳ ಏರಿಕೆಯೇ ಆಗಿತ್ತು. ಕಚೇರಿಗೆ ಮರಳುವ ಆದೇಶ ಬಂದಾಗ ಆ ಏರಿಕೆ ಅಷ್ಟೇ ಸದ್ದಿಲ್ಲದೆ ಹಿಂದಕ್ಕೆ ಹೋಯಿತು.

ಮೇಲಿನ ಹಂತದಲ್ಲಿ ಹಾಗಲ್ಲ. ಎಂಟು, ಹತ್ತು ವರ್ಷಗಳ ಅನುಭವವುಳ್ಳ, ಬೇಡಿಕೆಯಿರುವ ತಂತ್ರಜ್ಞಾನ ಬಲ್ಲ ಎಂಜಿನಿಯರ್‌ಗಳ ಸಂಬಳ ಮಾರುಕಟ್ಟೆಯ ಚೌಕಾಶಿಯಿಂದಲೇ ತೀರ್ಮಾನವಾಗುತ್ತದೆ. 2021 ಮತ್ತು 2022ರಲ್ಲಿ ಜಗತ್ತಿನಾದ್ಯಂತ ನೇಮಕಾತಿ ಭರಾಟೆ ಏರಿದ್ದಾಗ ಇಂಥವರು ಊರಿನಲ್ಲಿದ್ದುಕೊಂಡೇ ಬೆಂಗಳೂರು, ಹೈದರಾಬಾದ್, ಪುಣೆ ಕಂಪನಿಗಳನ್ನು ಒಂದಕ್ಕೊಂದು ಪೈಪೋಟಿಗೆ ಹಚ್ಚಿ ಸಂಬಳ ಏರಿಸಿಕೊಂಡರು. ದೂರದಿಂದ ಕೆಲಸ ಎಂಬ ಬಾಗಿಲು ತೆರೆದಿದ್ದಷ್ಟು ದಿನ ದಾವಣಗೆರೆಯೂ ಬೆಂಗಳೂರಿನ ಬಡಾವಣೆಯಂತಿತ್ತು. ಆ ಬಾಗಿಲು ಮುಚ್ಚುತ್ತ ಬಂದಂತೆ ದಾವಣಗೆರೆ ಮತ್ತೆ ದಾವಣಗೆರೆಯಾಯಿತು.

ಬಾಗಿಲು ಮುಚ್ಚಿದ ಬಗೆಯೂ ಗಮನಾರ್ಹ. 2025ರ ವೇಳೆಗೆ ಯಾವುದೇ ಸಮಯದಲ್ಲಿ ಶೇ 25ರಷ್ಟು ನೌಕರರು ಮಾತ್ರ ಕಚೇರಿಯಲ್ಲಿದ್ದರೆ ಸಾಕು ಎಂದು 2020ರಲ್ಲಿ ಹೇಳಿದ್ದ ಟಿಸಿಎಸ್, 2023ರ ಅಕ್ಟೋಬರ್‌ನಿಂದ ವಾರದ ಐದೂ ದಿನ ಕಚೇರಿಗೆ ಬರುವಂತೆ ಸೂಚಿಸಿತು. 2024ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಕಾರ್ಯಕ್ಷಮತೆಗೆ ಕೊಡುವ ಬದಲಾಗುವ ಸಂಬಳವನ್ನು ಹಾಜರಾತಿಗೆ ಜೋಡಿಸಿತು. ಹಾಜರಾತಿ ಶೇ 60ಕ್ಕಿಂತ ಕಡಿಮೆಯಿದ್ದರೆ ಆ ಭಾಗ ಇಲ್ಲ, ಶೇ 85ಕ್ಕಿಂತ ಹೆಚ್ಚಿದ್ದರೆ ಪೂರ್ತಿ. ಇನ್ಫೋಸಿಸ್ ತಿಂಗಳಿಗೆ ಕನಿಷ್ಠ 10 ದಿನ ಕಚೇರಿಗೆ ಬರಬೇಕೆಂಬ ನಿಯಮವನ್ನು 2025ರಲ್ಲಿ ಬಿಗಿಗೊಳಿಸಿತು. ಊರಿನಿಂದ ಕೆಲಸ ಮಾಡುವುದಕ್ಕೆ ಅಮೆರಿಕದಲ್ಲಿ ಸಂಬಳ ಕಡಿತ ಎಂಬ ಹೆಸರಿದ್ದರೆ ಇಲ್ಲಿ ಹಾಜರಾತಿ ಎಂಬ ಹೆಸರು. ಪರಿಣಾಮದಲ್ಲಿ ಎರಡೂ ಒಂದೇ.

ಈ ಬೆಲೆಯನ್ನು ಎಲ್ಲರೂ ಸಮನಾಗಿ ತೆರುವುದಿಲ್ಲ ಎಂಬುದನ್ನೂ ಹೇಳಬೇಕು. ಹಸುಗೂಸಿನ ತಾಯಿ, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವ ಮಗಳು ಅಥವಾ ಸೊಸೆ, ಗಂಡನ ವರ್ಗಾವಣೆಯೊಂದಿಗೆ ಊರು ಬದಲಿಸಿದ ಹೆಂಡತಿ, ಓಡಾಟ ಕಷ್ಟವಾಗಿರುವ ಅಂಗವಿಕಲ ಎಂಜಿನಿಯರ್ ಇವರಿಗೆ ದೂರದಿಂದ ಕೆಲಸವೆಂಬುದು ಸುಖದ ಆಯ್ಕೆಯಾಗಿರದೆ ಉದ್ಯೋಗದಲ್ಲಿ ಉಳಿಯುವ ಏಕೈಕ ದಾರಿಯಾಗಿರುತ್ತದೆ. ಬೇರೆ ದಾರಿ ಇಲ್ಲದವರ ಚೌಕಾಶಿಯ ಬಲ ಎಲ್ಲರಿಗಿಂತ ಕಡಿಮೆ. ಸ್ಥಳಾಧಾರಿತ ಸಂಬಳದ ಹೊರೆ ಮೊದಲು ಬೀಳುವುದು ಅವರ ಹೆಗಲಿಗೇ.

ಹಳೆಯ ಸಂಬಳದ ನೆರಳು

ಕಡಿಮೆ ಸಂಬಳ ಒಪ್ಪಿ ಊರಿಗೆ ಹೋಗುವವರು ಸಾಮಾನ್ಯವಾಗಿ ಬಾಡಿಗೆಯ ಉಳಿತಾಯವನ್ನಷ್ಟೇ ಲೆಕ್ಕ ಹಾಕುತ್ತಾರೆ. ಉದಾಹರಣೆಗೆ, ತಿಂಗಳಿಗೆ 1 ಲಕ್ಷ ರೂಪಾಯಿ ದುಡಿಯುವವರು ಬೆಂಗಳೂರಿನಲ್ಲಿ 35,000 ರೂಪಾಯಿ ಬಾಡಿಗೆ ಕೊಡುತ್ತಿದ್ದು, ಮೈಸೂರಿನಲ್ಲಿ 15,000 ರೂಪಾಯಿಗೆ ಮನೆ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಸಂಬಳ ಶೇ 10ರಷ್ಟು ಕಡಿಮೆಯಾದರೂ ತಿಂಗಳಿಗೆ 10,000 ರೂಪಾಯಿ ಲಾಭ. ಶೇ 25ರಷ್ಟು ಕಡಿಮೆಯಾದರೆ 5,000 ರೂಪಾಯಿ ನಷ್ಟ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡು ಸಾಲದ ಕಂತು ಕಟ್ಟುತ್ತಿರುವವರಿಗೆ ಈ ಲಾಭವೂ ಪೂರ್ತಿ ದಕ್ಕುವುದಿಲ್ಲ. ಕಾರಿನ ಬೆಲೆ, ಮೊಬೈಲ್ ಬೆಲೆ, ಮಕ್ಕಳ ಎಂಜಿನಿಯರಿಂಗ್ ಕಾಲೇಜಿನ ಶುಲ್ಕ ಊರು ನೋಡಿ ಇಳಿಯುವುದೂ ಇಲ್ಲ.

ಕಣ್ಣಿಗೆ ಬೀಳದ ನಷ್ಟ ಇನ್ನೊಂದಿದೆ. ಭಾರತದ ಖಾಸಗಿ ಉದ್ಯಮದಲ್ಲಿ ಹೊಸ ಕೆಲಸದ ಸಂಬಳವನ್ನು ಹಳೆಯ ಸಂಬಳದ ಮೇಲೆ ಇಂತಿಷ್ಟು ಶೇಕಡಾ ಎಂದು ಲೆಕ್ಕ ಹಾಕುವ ರೂಢಿ ಬೇರೂರಿದೆ. ಹಿಂದಿನ ಮೂರು ತಿಂಗಳ ಸಂಬಳದ ಚೀಟಿ ಕೇಳದ ಮಾನವ ಸಂಪನ್ಮೂಲ ವಿಭಾಗ ವಿರಳ. ಮೇಲಿನ ಉದಾಹರಣೆಯ ಎಂಜಿನಿಯರ್ 90,000 ರೂಪಾಯಿ ಒಪ್ಪಿ ಮೈಸೂರಿಗೆ ಹೋಗಿ, ಬಳಿಕ ಕೌಟುಂಬಿಕ ಕಾರಣಕ್ಕೆ ಬೆಂಗಳೂರಿಗೆ ಮರಳಿ ಶೇ 30ರ ಏರಿಕೆಯೊಂದಿಗೆ ಹೊಸ ಕೆಲಸ ಹಿಡಿದರೆ ದೊರೆಯುವುದು 1,17,000 ರೂಪಾಯಿ. ಊರು ಬಿಡದೆ ಇದ್ದಿದ್ದರೆ ಅದೇ ಏರಿಕೆಗೆ 1,30,000 ರೂಪಾಯಿ ದೊರೆಯುತ್ತಿತ್ತು. ಅಗ್ಗದ ಬಾಡಿಗೆ ಮೈಸೂರಿನಲ್ಲೇ ಉಳಿಯಿತು, ಅಗ್ಗದ ಸಂಬಳ ಮಾತ್ರ ಬೆನ್ನು ಬಿಡದೆ ಬೆಂಗಳೂರಿಗೂ ಬಂತು.

ಅಮೆರಿಕದ ಕೆಲವು ರಾಜ್ಯಗಳು ಈ ಸಮಸ್ಯೆಯನ್ನು ಕಾನೂನಿನಿಂದ ಎದುರಿಸಿವೆ. ಉದ್ಯೋಗಾಕಾಂಕ್ಷಿಯ ಹಿಂದಿನ ಸಂಬಳ ಕೇಳುವುದನ್ನು ಕ್ಯಾಲಿಫೋರ್ನಿಯಾ 2018ರ ಜನವರಿಯಿಂದ ನಿಷೇಧಿಸಿದೆ. 2023ರಿಂದ ಅಲ್ಲಿ ಉದ್ಯೋಗ ಜಾಹೀರಾತಿನಲ್ಲಿ ಸಂಬಳದ ಶ್ರೇಣಿ ನಮೂದಿಸುವುದೂ ಕಡ್ಡಾಯ. ಕೊಲರಾಡೊ ರಾಜ್ಯ 2021ರಲ್ಲೇ ಅಂತಹ ನಿಯಮ ಜಾರಿಗೆ ತಂದಿತು. ಸಂಬಳ ಬಹಿರಂಗಪಡಿಸಲು ಹಿಂಜರಿದ ಕೆಲವು ಕಂಪನಿಗಳು, ದೂರದಿಂದ ಮಾಡಬಹುದಾದ ಹುದ್ದೆಗಳಿಗೆ ಕೊಲರಾಡೊ ನಿವಾಸಿಗಳು ಅರ್ಜಿ ಹಾಕುವಂತಿಲ್ಲ ಎಂದು ಜಾಹೀರಾತು ಕೊಟ್ಟು ಟೀಕೆಗೆ ಗುರಿಯಾದವು. ಭಾರತದಲ್ಲಿ ಇಂತಹ ಕಾನೂನು ಇಲ್ಲ. ಇದಕ್ಕಾಗಿ ಗಟ್ಟಿಯಾದ ಬೇಡಿಕೆಯೂ ಎದ್ದಿಲ್ಲ.

ಹಾಸನದಲ್ಲಿದೆ ಒಂದು ಪಾಠ

ಊರಿಗೆ ತಕ್ಕ ಸಂಬಳ ಎಂಬುದು ನಮ್ಮ ದೇಶಕ್ಕೆ ಹೊಸತಲ್ಲ. ಕೇಂದ್ರ ಸರ್ಕಾರಿ ನೌಕರರ ಮನೆಬಾಡಿಗೆ ಭತ್ಯೆ ನಗರಗಳನ್ನು ಎಕ್ಸ್, ವೈ, ಝಡ್ ಎಂದು ವಿಂಗಡಿಸಿಯೇ ನಿಗದಿಯಾಗುತ್ತದೆ. ಬೆಂಗಳೂರು ಎಕ್ಸ್ ವರ್ಗ; ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ವೈ ವರ್ಗ; ಉಳಿದ ಊರುಗಳು ಝಡ್ ವರ್ಗ. ಏಳನೇ ವೇತನ ಆಯೋಗದ ಶ್ರೇಣಿಗಳಡಿ 2024ರ ಜನವರಿಯಿಂದ ಈ ಭತ್ಯೆ ಮೂಲ ವೇತನದ ಕ್ರಮವಾಗಿ ಶೇ 30, ಶೇ 20 ಮತ್ತು ಶೇ 10.

ಇಸ್ರೊದ ಉದಾಹರಣೆ ಇಲ್ಲಿ ಬಹಳ ಸೂಕ್ತ. ಈ ಶ್ರೇಣಿಗಳಲ್ಲಿ ಅಲ್ಲಿ ಹೊಸದಾಗಿ ಸೇರುವ ವಿಜ್ಞಾನಿ/ಎಂಜಿನಿಯರ್ ಮೂಲ ವೇತನ 56,100 ರೂಪಾಯಿ. ಬೆಂಗಳೂರಿನ ಕೇಂದ್ರದಲ್ಲಿದ್ದರೂ ಅಷ್ಟೆ, ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿದ್ದರೂ ಅಷ್ಟೆ. ಸರ್ಕಾರಿ ವಸತಿಗೃಹ ಪಡೆಯದಿದ್ದರೆ ಬೆಂಗಳೂರಿನವರಿಗೆ ಮನೆಬಾಡಿಗೆ ಭತ್ಯೆ 16,830 ರೂಪಾಯಿ, ಹಾಸನದವರಿಗೆ 5,610 ರೂಪಾಯಿ. ಹಾಸನದಿಂದ ಬೆಂಗಳೂರಿಗೆ ವರ್ಗವಾದರೆ ಭತ್ಯೆ ತಾನಾಗಿಯೇ ಏರುತ್ತದೆ. ಉಪಗ್ರಹವನ್ನು ನಿಯಂತ್ರಿಸುವ ಕೆಲಸದ ಬೆಲೆ ಒಂದು, ತಲೆಯ ಮೇಲಿನ ಸೂರಿನ ಬೆಲೆ ಇನ್ನೊಂದು. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ, ಎಲ್ಲರಿಗೂ ಕಾಣುವಂತೆ ಬರೆಯಲಾಗಿದೆ.

ಖಾಸಗಿ ಕಂಪನಿಗಳ ಒಟ್ಟು ವೇತನ ಪ್ಯಾಕೇಜಿನಲ್ಲಿ ಇವೆರಡೂ ಕಲಸುಮೇಲೋಗರವಾಗಿವೆ. ಸಂಬಳ ಚೀಟಿಯಲ್ಲಿ ಮನೆಬಾಡಿಗೆ ಭತ್ಯೆ ಎಂಬ ಸಾಲು ಇರುತ್ತದೆ ನಿಜ. ಆದರೆ ಅದು ಇರುವುದು ಬಹುಮಟ್ಟಿಗೆ ಆದಾಯ ತೆರಿಗೆಯ ಅನುಕೂಲಕ್ಕಾಗಿ. ಊರಿನ ಬಾಡಿಗೆಗೂ ಅದಕ್ಕೂ ಸಂಬಂಧ ಅಷ್ಟಕ್ಕಷ್ಟೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯೂ ‘ವೇತನ’ದ ವ್ಯಾಖ್ಯೆಯಿಂದ ಮನೆಬಾಡಿಗೆ ಭತ್ಯೆಯನ್ನು ಹೊರಗಿಟ್ಟಿದೆ. ಇಂತಹ ಭತ್ಯೆಗಳೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗ ವೇತನವೆಂದೇ ಪರಿಗಣನೆಯಾಗುತ್ತದೆ. ಕೆಲಸದ ಬೆಲೆ ಬೇರೆ, ಊರಿನ ಬೆಲೆ ಬೇರೆ ಎಂಬ ಭೇದವನ್ನು ಕಾನೂನು ಒಪ್ಪಿದೆ. ಕಂಪನಿಗಳು ಇದನ್ನೇ ಪ್ರಾಮಾಣಿಕವಾಗಿ ಪಾಲಿಸಿ, ಊರು ಬದಲಾದಾಗ ಭತ್ಯೆಯನ್ನಷ್ಟೇ ಬದಲಿಸಿ, ಮೂಲ ವೇತನವನ್ನು ಮುಟ್ಟದಿದ್ದರೆ ಅರ್ಧ ಜಗಳ ಅಲ್ಲಿಗೇ ಬಗೆಹರಿಯುತ್ತದೆ. ಹಳೆಯ ಸಂಬಳದ ನೆರಳೂ ಆಗ ಇಷ್ಟು ಉದ್ದವಾಗದು.

ಡಾಲರ್ ಸಂಬಳ, ಹಳ್ಳಿಯ ಮನೆ

ದೂರದಿಂದ ಕೆಲಸದ ಇನ್ನೊಂದು ಕವಲು ಗಡಿಯಾಚೆಗೆ ಚಾಚಿದೆ. ಅಮೆರಿಕ ಅಥವಾ ಯುರೋಪಿನ ಕಂಪನಿಗೆ ಭಾರತದಿಂದಲೇ ನೇರವಾಗಿ ದುಡಿಯುವ ಎಂಜಿನಿಯರ್‌ಗಳು ರಾಜ್ಯದ ಸಣ್ಣ ಊರುಗಳಲ್ಲೂ ಇದ್ದಾರೆ. ಅಮೆರಿಕದ ದರಕ್ಕಿಂತ ಕಡಿಮೆ, ಬೆಂಗಳೂರಿನ ದರಕ್ಕಿಂತ ಹೆಚ್ಚು ಎಂಬ ನಡುವಣ ಸಂಬಳ ಇಬ್ಬರಿಗೂ ಲಾಭವೆನಿಸುತ್ತದೆ. ಆದರೆ ಇವರಲ್ಲಿ ಹಲವರು ನೌಕರರಲ್ಲ, ಗುತ್ತಿಗೆದಾರರು. ಭವಿಷ್ಯ ನಿಧಿ, ಗ್ರಾಚುಟಿ, ಸಂಬಳಸಹಿತ ರಜೆ ಯಾವುದೂ ಇಲ್ಲ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿಯ ಹೊಣೆಯೂ ಅವರದೇ. ಕೆಲಸ ಹೋದರೆ ಹೇಳಿಕೊಳ್ಳಲು ಸ್ಥಳೀಯ ಕಚೇರಿ ಇರುವುದಿಲ್ಲ. ಈ ಖರ್ಚುಗಳನ್ನೆಲ್ಲ ಕಳೆದು ನೋಡಿದಾಗಲಷ್ಟೇ ಡಾಲರ್ ಸಂಬಳದ ನಿಜವಾದ ತೂಕ ತಿಳಿಯುತ್ತದೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಎಂಜಿನಿಯರ್‌ಗಳಿಗೆ ಊರು ಎಂಬುದು ಸಂಬಳದ ಜೊತೆಗೆ ವೀಸಾ ಪ್ರಶ್ನೆಯೂ ಹೌದು. ಎಚ್-1ಬಿ ಅರ್ಜಿಯಲ್ಲಿ ಕೆಲಸದ ಸ್ಥಳವನ್ನು ನಮೂದಿಸಿ, ಆ ಪ್ರದೇಶದ ಪ್ರಚಲಿತ ವೇತನಕ್ಕಿಂತ ಕಡಿಮೆ ಕೊಡುವುದಿಲ್ಲವೆಂದು ಕಂಪನಿ ಒಪ್ಪಬೇಕು. ಬೇರೆ ಮಹಾನಗರ ಪ್ರದೇಶಕ್ಕೆ ಮನೆ ಬದಲಿಸಿ ಅಲ್ಲಿಂದ ಕೆಲಸ ಮಾಡುವುದಾದರೆ ಪರಿಷ್ಕೃತ ಅರ್ಜಿ ಸಲ್ಲಿಸಬೇಕೆಂದು 2015ರ ಸಿಮಿಯೊ ಸೊಲ್ಯೂಷನ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಲಾಗಿದೆ. ಸಹೋದ್ಯೋಗಿಗಳು ಇಚ್ಛೆ ಬಂದ ಊರಿಗೆ ಹೊರಟಾಗಲೂ ವೀಸಾದಲ್ಲಿರುವವರು ಇದ್ದಲ್ಲೇ ಇರಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ವಿಧಿಸಿದ ಆದೇಶ, ಎಂಜಿನಿಯರ್‌ನನ್ನು ಕೆಲಸವಿದ್ದಲ್ಲಿಗೆ ಕರೆಸುವುದಕ್ಕಿಂತ ಕೆಲಸವನ್ನೇ ಎಂಜಿನಿಯರ್ ಇದ್ದಲ್ಲಿಗೆ ಕಳುಹಿಸುವ ಲೆಕ್ಕಾಚಾರಕ್ಕೆ ಇನ್ನಷ್ಟು ಬಲ ತುಂಬಿತು.

ಬೆಂಗಳೂರಿನಾಚೆ ಬೇಕಿರುವುದೇನು?

ಈ ಹಿನ್ನೆಲೆಯಲ್ಲಿ ‘ಬಿಯಾಂಡ್ ಬೆಂಗಳೂರು’ ಕಾರ್ಯಕ್ರಮವನ್ನು ನೋಡಬೇಕಾಗುತ್ತದೆ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಭಾಗಗಳನ್ನು ಐಟಿ ಕ್ಲಸ್ಟರ್‌ಗಳಾಗಿ ಬೆಳೆಸುವ ಹೊಣೆಯನ್ನು ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್ ಹೊತ್ತಿದೆ. 2024ರ ನವೆಂಬರ್‌ನಲ್ಲಿ ಪ್ರಕಟವಾದ ಜಾಗತಿಕ ಸಾಮರ್ಥ್ಯ ಕೇಂದ್ರಗಳ ನೀತಿ, 2029ರ ವೇಳೆಗೆ ರಾಜ್ಯದಲ್ಲಿ ಇಂತಹ 500 ಹೊಸ ಕೇಂದ್ರಗಳು ಮತ್ತು 3.5 ಲಕ್ಷ ಉದ್ಯೋಗಗಳ ಗುರಿ ಇಟ್ಟುಕೊಂಡಿದೆ. ಹೂಡಿಕೆದಾರರನ್ನು ಸೆಳೆಯುವಾಗ ಸಣ್ಣ ನಗರಗಳಲ್ಲಿ ಪ್ರತಿಭಾವಂತರು ಕಡಿಮೆ ಖರ್ಚಿನಲ್ಲಿ ಸಿಗುತ್ತಾರೆ ಎಂಬ ಮಾತು ಸಹಜವಾಗಿಯೇ ಮುಂದೆ ಬರುತ್ತದೆ. ಅಪಾಯ ಇರುವುದೂ ಅಲ್ಲಿಯೇ. ಅಗ್ಗದ ದುಡಿಮೆಯನ್ನೇ ಬಂಡವಾಳ ಮಾಡಿಕೊಂಡ ಊರು, ಇನ್ನೂ ಅಗ್ಗದ ಊರು ಸಿಗುವವರೆಗೆ ಮಾತ್ರ ಬಾಳುತ್ತದೆ.

ಒಂದು ಊರಿಗೆ ಒಂದೇ ದೊಡ್ಡ ಕಂಪನಿ ಬಂದರೆ ಕಟ್ಟಡ ಏಳುತ್ತದೆ, ಸಂಬಳ ಏಳುವುದಿಲ್ಲ. ಅಲ್ಲಿನ ಎಂಜಿನಿಯರ್‌ಗೆ ಆ ಕಂಪನಿ ಬಿಟ್ಟರೆ ಬೆಂಗಳೂರಿನ ಬಸ್ಸೇ ಗತಿ. ಹುಬ್ಬಳ್ಳಿಯಲ್ಲಿ ಇನ್ಫೋಸಿಸ್ ಜಮೀನು ಪಡೆದು ವರ್ಷಗಳಾದರೂ ಕೆಲಸ ಆರಂಭವಾಗಿಲ್ಲವೆಂಬ ಆಕ್ಷೇಪ ಸ್ಥಳೀಯ ಜನಪ್ರತಿನಿಧಿಗಳಿಂದ ಕೇಳಿಬಂದು, 2022ರಲ್ಲಿ ಕೇಂದ್ರ ಕಾರ್ಯಾರಂಭ ಮಾಡಿದ್ದನ್ನು ನೆನೆದರೆ ಒಂದೇ ಕಂಪನಿಯನ್ನು ನೆಚ್ಚಿ ಕುಳಿತುಕೊಳ್ಳುವುದು ಎಷ್ಟು ಕಷ್ಟವೆಂಬುದು ಅರಿವಾಗುತ್ತದೆ. ಕರಾವಳಿಯ ಅನುಭವ ಇದಕ್ಕಿಂತ ಆಶಾದಾಯಕ. 1996ರಲ್ಲಿ ಉಡುಪಿಯಲ್ಲೇ ಹುಟ್ಟಿ ಬೆಳೆದ ರೋಬೊಸಾಫ್ಟ್‌ನಂತಹ ಸ್ಥಳೀಯ ಕಂಪನಿ, ಮಂಗಳೂರಿನ ಇನ್ಫೋಸಿಸ್, ಕಾಗ್ನಿಜೆಂಟ್ ಕೇಂದ್ರಗಳು ಮತ್ತು ಡೆನ್ಮಾರ್ಕ್ ಮೂಲದ ಇಜಿ ಕಂಪನಿಯ ಕಚೇರಿ ಒಂದೇ ಪ್ರದೇಶದಲ್ಲಿ ಇರುವುದರಿಂದ ಅಲ್ಲಿನ ಎಂಜಿನಿಯರ್‌ಗೆ ಕನಿಷ್ಠ ಎರಡನೆಯ ಬಾಗಿಲು ತಟ್ಟುವ ಅವಕಾಶವಿದೆ.

ಆದ್ದರಿಂದ ಸರ್ಕಾರದ ನೀತಿಯ ಯಶಸ್ಸನ್ನು ಮಂಜೂರಾದ ಎಕರೆಗಳಿಂದಾಗಲಿ, ಸಹಿಯಾದ ಒಪ್ಪಂದಗಳಿಂದಾಗಲಿ ಅಳೆಯುವುದಕ್ಕಿಂತ, ಪ್ರತಿ ಊರಿನಲ್ಲಿ ಎಂಜಿನಿಯರ್‌ಗಾಗಿ ಪೈಪೋಟಿ ನಡೆಸುವ ಕಂಪನಿಗಳೆಷ್ಟು ಎಂಬುದರಿಂದ ಅಳೆಯುವುದು ಲೇಸು. ರಿಯಾಯಿತಿ ಪಡೆಯುವ ಕಂಪನಿಗಳು ಉದ್ಯೋಗ ಜಾಹೀರಾತಿನಲ್ಲಿ ಸಂಬಳದ ಶ್ರೇಣಿ ನಮೂದಿಸಬೇಕು, ಹಳೆಯ ಸಂಬಳದ ಚೀಟಿ ಕೇಳಬಾರದು ಎಂಬ ಷರತ್ತು ಹಾಕಲು ಬೊಕ್ಕಸಕ್ಕೆ ನಯಾಪೈಸೆ ಖರ್ಚಿಲ್ಲ. ದೂರದಿಂದ ಕೆಲಸ ಮಾಡುವ ಹುದ್ದೆಗಳನ್ನು ಉಳಿಸಿಕೊಂಡ ಕಂಪನಿಗಳಿಗೂ ಅದೇ ರಿಯಾಯಿತಿ ದೊರೆತರೆ, ಕಟ್ಟಡ ಏಳುವ ಮೊದಲೇ ಸಣ್ಣ ಊರಿನ ಎಂಜಿನಿಯರ್‌ಗೆ ಆಯ್ಕೆಗಳು ಹೆಚ್ಚುತ್ತವೆ.

ಎಂಜಿನಿಯರ್‌ಗಳು ಮಾಡಬೇಕಾದ ಲೆಕ್ಕವೂ ಬದಲಾಗಬೇಕು. ಊರಿಗೆ ಹೊರಡುವ ಮುನ್ನ ಬಾಡಿಗೆ ಎಷ್ಟು ಉಳಿಯುತ್ತದೆ ಎಂದು ಕೇಳಿಕೊಂಡರೆ ಸಾಲದು. ಈ ಕೆಲಸ ಹೋದರೆ ಅಲ್ಲಿಂದಲೇ ಮತ್ತೊಂದು ಸಿಕ್ಕೀತೆ, ಕಡಿತವಾಗುವುದು ಭತ್ಯೆಯೋ ಮೂಲ ವೇತನವೋ, ಮರಳಿ ಬಂದರೆ ಹಳೆಯ ದರ ಸಿಗುವ ಮಾತು ಲಿಖಿತವಾಗಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆದೇ ಸಹಿ ಹಾಕುವುದು ಕ್ಷೇಮ. ಹುಬ್ಬಳ್ಳಿ, ಮಂಗಳೂರು, ಮೈಸೂರಿನ ಎಂಜಿನಿಯರ್ ಊರು ಬಿಡದೆ ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಂತಾದ ದಿನ ಅಲ್ಲಿನ ಸಂಬಳ ಬೆಂಗಳೂರಿನ ಹತ್ತಿರಕ್ಕೆ ತಾನಾಗಿಯೇ ಬರುತ್ತದೆ. ಅಲ್ಲಿಯವರೆಗೆ ಜೀವನವೆಚ್ಚದ ಮಾತನ್ನು ಯಾರು, ಯಾವ ಲಾಭಕ್ಕಾಗಿ ಆಡುತ್ತಿದ್ದಾರೆ ಎಂಬುದನ್ನು ಗಮನಿಸುತ್ತಿರಬೇಕು.